ವಾಪಸಿಗೆ ಕಾರಣ

ಅಂಗಡಿಯ ಇಮೇಲು ಗೋಡೆಯ ಮೇಲೆ ಸ್ಕೆಚ್ ಪೆನ್ನಲ್ಲಿದೆ:
ಎಲ್ಲ ಸಣ್ಣಕ್ಷರ, ನಡುವೆ ಜಾಗವಿಲ್ಲ,
ಕೊನೆಗೊಂದು ಏಳು.
ಗುತ್ತಲಿನ ನಾಜಿಮಾ ಆ ಏಳನ್ನು ಒಂದೆಂದೇ ಓದುತ್ತಾಳೆ,
ಅವಳ ಲೇಬಲ್ಲು ಯಾರದೋ ಮನೆ ಸೇರುತ್ತದೆ.
"ಕಳ್ಸಿದ್ನಲ್ಲ ಅಕ್ಕ" ಎಂದು ಫೋನು ಚಾಚುತ್ತಾಳೆ.
ಕಳಿಸಿದ್ದು ನಿಜ.
ಬಂದಿಲ್ಲ ಅನ್ನುವುದೂ ನಿಜ.

ಹೊಳಲು ಸರ್ಕಲ್ಲಿನಿಂದ ನಾಲ್ಕನೇ ಮಳಿಗೆ,
ಮೇಲೆ ಹಲ್ಲಿನ ಡಾಕ್ಟರು, ಪಕ್ಕದಲ್ಲಿ ಕಬ್ಬಿನ ಹಾಲು;
ಗಾಣದ ಗೆಜ್ಜೆ ನಿಂತಿತೆಂದರೆ ನನ್ನ ಪ್ರಿಂಟರೂ ನಿಂತಿತು.

ಲೇಬಲ್ಲಿನ ಫೋಟೋ ತೆಗೆದು ಕಳಿಸುತ್ತಾರೆ, ಅದರಲ್ಲಿ ಅರ್ಧ ಹೆಬ್ಬೆರಳು.
ಬಾರ್‌ಕೋಡನ್ನು ನಡುವಿಗೆ ಕತ್ತರಿಸಿ ಕಳಿಸುತ್ತಾರೆ.
ಒಬ್ಬರು ಮಗನ ಅಂಕಪಟ್ಟಿಯನ್ನೇ ಕಳಿಸಿದ್ದರು.
ಗಣಿತಕ್ಕೆ ಮೂವತ್ತೆಂಟು. ನಾನು ನೋಡಲಿಲ್ಲ.

ಕಾರಣದ ಜಾಗದಲ್ಲಿ ಮಾತ್ರ ಕಂಪನಿ ಕೊಟ್ಟ ಮಾತೇ ಗತಿ:
ಅಳತೆ ಸರಿಯಿಲ್ಲ, ಬಣ್ಣ ಬೇರೆ, ಹಾಳಾಗಿ ಬಂತು.
ಓರಗಿತ್ತಿಯೂ ಇದೇ ಸೀರೆ ತರಿಸಿದಳು
ಎನ್ನಲು ಅಲ್ಲಿ ಚೌಕವಿಲ್ಲ.

ಶನಿವಾರ ಆಲೆಮನೆಯ ಮರಿಲಿಂಗನ ಮೇಲು:
ಅಕ್ಕ ಇದ ಪ್ರಿಂಟ್ ಆಕಿಟ್ಟಿರಿ ನಾಕ್ ಗಂಟ್ಗೆ ಬತ್ತೀನಿ.
ಶೂ. ಕರೀದು. ಒಂಬತ್ತನೇ ನಂಬರು.
ಕಾರಣ: ಅಳತೆ ಸರಿಯಿಲ್ಲ.

ಬಂದ, ಶೂ ಹಾಕಿಕೊಂಡೇ.
ಇಸ್ತ್ರಿ ಅಂಗಿ, ಕಂಕುಳಲ್ಲಿ ರಟ್ಟಿನ ಡಬ್ಬಿ.
"ಮಗಳ ಸ್ಕೂಲಲ್ಲಿ ಮೀಟಿಂಗಿತ್ತು" ಅಂದ.
ನಾನೇನೂ ಕೇಳಿರಲಿಲ್ಲ.

ಬೆಂಚಿನ ಮೇಲೆ ಕೂತು ಲೇಸು ಬಿಚ್ಚಿ ಮಗುಚಿದರೆ
ಅಟ್ಟೆಯ ತುಂಬ ಕಂದು ಟೇಪು,
ಒಂದು ಸುಕ್ಕಿಲ್ಲದ ಹಾಗೆ, ಹಿಮ್ಮಡಿಯ ತಿರುವಿಗೂ ಕತ್ತರಿಸಿ ಕೂರಿಸಿದ್ದು.
ಹೋದ ವಾರ ನಾನೇ ಮಾರಿದ ಸುರುಳಿ, ಮೂವತ್ತೈದು ರೂಪಾಯಿ;
ಪಾರ್ಸಲ್ಲಿಗಾ ಅಂದಿದ್ದೆ, ಊಂ ಅಂದಿದ್ದ.
ಎಳೆದ. ಚರ್ರೆಂದು ಬಂತು, ಶಾಲೆಯಂಗಳದ ಮಣ್ಣಿನ ಸಮೇತ.
ಕೆಳಗೆ ಅಟ್ಟೆ ಹೊಚ್ಚ ಹೊಸದು.

ಡಬ್ಬಿಯಿಂದ ಹವಾಯಿ ಚಪ್ಪಲಿ ಆಚೆ,
ಶೂ ಒಳಕ್ಕೆ.

ಲೇಬಲ್ಲಿನ ಕೆಳಗೊಂದು ಸಾಲಿದೆ, ಅಂಗಡಿಯವರು ಗುರುತು ಹಾಕುವಂಥದ್ದು:
ಬಳಸಿದಂತೆ ಕಾಣುವುದಿಲ್ಲ.
ಪೆನ್ನು ಹಿಡಿದು ಸುಮ್ಮನಿರಲಾರದೆ ಕೇಳಿದೆ,
"ಟೀಚರ್ ಏನಂದ್ರು?"
"ಕೂತ್ಕಳಿ ಅಂದ್ರು."
ಚಪ್ಪಲಿಯ ಉಂಗುಷ್ಟಕ್ಕೆ ಬೆರಳು ತೂರಿಸುತ್ತ ಮತ್ತೆ ಅಂದ,
"ಕುರ್ಚಿ ಅವ್ರೇ ಎಳ್ದುಕೊಟ್ರು."

ಕಾಣುವುದಿಲ್ಲ ಎಂದು ಕೇಳಿದ್ದರು. ಕಾಣುತ್ತಿರಲಿಲ್ಲ.
ಗುರುತು ಹಾಕಿದೆ. ತೂಗಿದೆ: ಒಂಬೈನೂರ ಇಪ್ಪತ್ತು ಗ್ರಾಂ.
ಪ್ರಿಂಟಿಗೆ ಹತ್ತು ರೂಪಾಯಿ, ಚಿಲ್ಲರೆ ಕೊಟ್ಟ,
ನೋಟುಬುಕ್ಕಿಗೆ ಸಹಿ ಹಾಕಿ ಸೈಕಲ್ಲು ಹತ್ತಿದ.

ರಾತ್ರಿ ಶಟರ್ ಎಳೆಯುವ ಮೊದಲು
ಬಂದ ಲೇಬಲ್ಲನ್ನೆಲ್ಲ ಅಳಿಸುತ್ತೇನೆ,
ಹೆಸರು, ಫೋನು, ಮನೆ ನಂಬರು, ಅಳತೆ.
ಅಳಿಸುತ್ತೇವೆ ಎಂದು ಬೋರ್ಡಿನಲ್ಲೇ ಬರೆಸಿದ್ದೇನೆ.
ಅವನದೂ ಹೋಯಿತು.

ಆ ಎರಡು ಟೇಪು ಮಾತ್ರ, ಎಡದ್ದೊಂದು ಬಲದ್ದೊಂದು,
ಕಸದ ಬುಟ್ಟಿಯ ಬಾಯಿಗೆ ಅಂಟಿಕೊಂಡು
ಎಷ್ಟು ಕೊಡವಿದರೂ ಬೀಳಲಿಲ್ಲ.