ಬಂಗುಡೆಯಲ್ಲ, ಬೂತಾಯಿ

ಬಂದರು ಶಾಖೆಯ ಎರಡನೇ ಕೌಂಟರಿನಲ್ಲಿ
ಹನ್ನೊಂದು ವರ್ಷ ನೋಟು ಎಣಿಸಿದ ಬೆರಳುಗಳಿಗೆ
ಒದ್ದೆ ಕಟ್ಟು ಯಾರದೆಂದು ನೋಡದೆಯೂ ಗೊತ್ತು.
ವಾರಿಜಕ್ಕನ ನೂರರ ನೋಟಿಗೆ ಮೀನಿನ ಹುರುಪೆ ಅಂಟಿರುತ್ತದೆ.
ಪ್ಲಾಸ್ಟಿಕ್ ತೊಟ್ಟೆಯಿಂದ ಎಳೆದು, ಬಿಡಿಸಿ,
ಫ್ಯಾನಿನ ಕೆಳಗೆ ಹರಡಿ,
"ಒಣಗಲಿ ಮಾರಾಯ, ನನಗೇನು ಅವಸರ" ಎಂದು
ಅವಸರದಲ್ಲೇ ಹೇಳುತ್ತಾರೆ.

ಆಗ ಹೊಳೆದದ್ದು: ಇವರಿಗೊಂದು ಸೊಂಟದ ಚೀಲ.

ಎರಡನೇ ಶನಿವಾರ. ಬೋಳಾರದ ಬಾಡಿಗೆಮನೆಯ ಟೆರೇಸು.
ತಂಗಡಿ ತೊಗಟೆಯಲ್ಲಿ ಪಳಗಿದ ತೊಗಲು,
ಮೊಣಕೈಯುದ್ದ, ಸಿಪ್ಪೆ ಸುಲಿದ ಗೋಡಂಬಿಯ ಬಣ್ಣ.
ಸ್ಪಂಜಿನಲ್ಲಿ ನೀರು ಸವರಿದರೆ ಮೊದಲು ಕಪ್ಪಾಗುತ್ತದೆ.
ಕಾಯಬೇಕು.
ಕಣ್ಣಿಗೆ ಒಣಗಿದಂತೆ ಕಂಡು
ಕೆನ್ನೆಗೆ ಒತ್ತಿದರೆ ಇನ್ನೂ ತಣ್ಣಗಿರಬೇಕು.
ದೋಸೆಹಿಟ್ಟಿಗೆ, ಗದ್ದೆಗೆ ಹೇಳುವ ಮಾತೇ ಇದಕ್ಕೂ: ಹದ.
ಪುಸ್ತಕದಲ್ಲಿ ಇಷ್ಟು ನಿಮಿಷ ಎಂದು ಬರೆದಿದ್ದಾರೆ.
ಯಾವ ಊರಿನ ನಿಮಿಷವೋ.
ಇಲ್ಲಿ ಗಾಳಿಯೇ ಅರ್ಧ ನೀರು.

ಬೆನ್ನನ್ನು ಒಂದೇ ಎಳೆತಕ್ಕೆ ಕೊರೆದೆ.
ಹುರುಪೆಗೆ ಅರ್ಧಚಂದ್ರದ ಅಚ್ಚು,
ಹುಣಸೆಮರದ ಕೊಡತಿ,
ಒಂದೊಂದಕ್ಕೆ ಒಂದು ಪೆಟ್ಟು, ಇನ್ನೂರ ಹನ್ನೆರಡು.
ಎಣಿಸದೆ ಇರಲು ನನಗೆ ಬರುವುದಿಲ್ಲ.
ಕೆಳಮನೆಯ ಸೆವ್ರಿನ್ ಬಾಯಿ
ಪೊರಕೆಯ ಹಿಡಿಯಲ್ಲಿ ಮಾಡಿಗೆ ಕುಟ್ಟಿ ಉತ್ತರ ಕೊಟ್ಟರು.

ಆದರೂ ಕಪ್ಪು ಬಣ್ಣಕ್ಕೆ ಅವರದೇ ಉಪಕಾರ,
ಹಂದಿಮಾಂಸಕ್ಕೆಂದು ಇಟ್ಟಿದ್ದ ಸುರೆಯ ವಿನೆಗರು, ಅರ್ಧ ಬಾಟಲಿ.
ಧಕ್ಕೆಯಲ್ಲಿ ಒಡೆಯಲೆಂದು ಎಳೆದಿಟ್ಟ ದೋಣಿಯ
ತುಕ್ಕು ಮೊಳೆಗಳು ಅದರಲ್ಲಿ ಹದಿನೈದು ದಿನ ಮುಳುಗಿದ್ದವು.
ಬಾಟಲಿಯೊಳಗೆ ಬರೀ ತೆಳು ಚಹಾ.
ತೊಗಲಿಗೆ ತಾಗಿದ್ದೇ ಇರುಳು.
ತೊಗಟೆಗೂ ಕಬ್ಬಿಣಕ್ಕೂ ಏನೋ ಹಳೆಯ ಬಾಕಿ,
ನಮ್ಮ ಲೆಡ್ಜರಿನಲ್ಲಿ ಇಲ್ಲದ್ದು.
ಹೊಟ್ಟೆಗೆ ಮಾತ್ರ ಬಣ್ಣ ಹಾಕಲಿಲ್ಲ.

ಹಂಪನಕಟ್ಟೆಯಲ್ಲಿ ಛತ್ರಿ, ಚಪ್ಪಲಿ ರಿಪೇರಿಯ ಅಂಗಾರಣ್ಣ
ಚೀಲ ಮಗುಚಿ ಹಾಕಿ ಹಿಂಬದಿಯನ್ನೇ ನೋಡಿದರು.
"ಮೀನು ಹಾಗಿರಲಿ, ಹೊಲಿಗೆ ಕುಡಿದಿದೆ."
ನಾಲ್ಕು ಬಿಚ್ಚಿ ನಾಲ್ಕು ಹಾಕಿದರು, ಹಣ ಕೇಳಲಿಲ್ಲ.
"ಇದೆಲ್ಲ ಆಟಕ್ಕಾ?"
ಹೌದೆನ್ನಲು ನಾಚಿಕೆಯಾಯಿತು. ಅಲ್ಲವೆನ್ನಲೂ.
ಅವರ ಉಗುರಿನ ಕಪ್ಪಿಗೆ ಐವತ್ತು ವರ್ಷ.
ನನ್ನದು, ನಿಂಬೆ ಉಜ್ಜಿದರೆ,
ಸೋಮವಾರ ಹತ್ತು ಗಂಟೆಯೊಳಗೆ ಹೋಗುತ್ತದೆ.

ಜೇನುಮೇಣ, ಕೊಬ್ಬರಿ ಎಣ್ಣೆ, ಮೂರು ಸುತ್ತು.
ಹಳೆ ಜೀನ್ಸಿನ ತುಂಡಿನಿಂದ ಅಂಚು ಉಜ್ಜಿ ಉಜ್ಜಿ
ಬೆರಳು ಬಿಸಿಯಾಗುವ ತನಕ.
ಫಿನಿಶಿಂಗ್ ಆಯಿತು ಎಂದುಕೊಂಡೆ.

ಕೌಂಟರಿನ ಕಿಂಡಿಯಲ್ಲಿ ದಾಟಿಸಿದೆ.
"ಯಾವ ಮೀನು ಇದು?"
"ಬಂಗುಡೆ."
"ಬಂಗುಡೆಯ ಹೊಟ್ಟೆ ಹೀಗಿರುತ್ತದಾ? ಬೂತಾಯಿ!"
ಸಾಲಿನಲ್ಲಿದ್ದವರು ನಕ್ಕರು, ಮ್ಯಾನೇಜರೂ.
ನೀರು ತಾಗಿಸಬೇಡಿ ಎನ್ನುವಷ್ಟರಲ್ಲಿ
ವಾರಿಜಕ್ಕ ಅದನ್ನು ಸೊಂಟಕ್ಕೆ ಬಿಗಿದು
ಐಸು ಸುರಿಯುವ ಬುಟ್ಟಿ ತಲೆಗೇರಿಸಿ
ರಸ್ತೆ ದಾಟಿಯಾಗಿತ್ತು.

ಐದು ತಿಂಗಳಾಯಿತು.
ನನ್ನ ಮೇಣ ವಾರವೂ ಬಾಳಿರಲಿಕ್ಕಿಲ್ಲ.
ಆಮೇಲೆ ಉಪ್ಪು, ಮೀನಿನ ಎಣ್ಣೆ,
ಚಿಲ್ಲರೆಗೆಂದು ದಿನಕ್ಕೆ ನೂರು ಸಲ
ಒಂದೇ ಕಡೆ ಒತ್ತುವ ಹೆಬ್ಬೆರಳು.
ಬಣ್ಣ ಹಾಕದ ಆ ಹೊಟ್ಟೆ ಈಗ
ಒಣಗಿದ ಪುನರ್ಪುಳಿ ಸಿಪ್ಪೆಯ ಹಾಗೆ,
ಯಾವ ಬಾಟಲಿಯಲ್ಲೂ ಸಿಗದ ಕೆಂಪು, ಒಳಗಿನಿಂದ ಹೊಳಪು.
ಎರಡು ಹೊಲಿಗೆ ಬಿಟ್ಟಿವೆ, ಎರಡೂ ನನ್ನವು.

ನೋಟು ಈಗಲೂ ಒದ್ದೆ.
ಫ್ಯಾನಿನ ಕೆಳಗೆ ಹರಡುತ್ತೇವೆ.
ಒಣಗುವವರೆಗೆ ಚೀಲವನ್ನು ಕೈಯಲ್ಲಿಟ್ಟುಕೊಂಡು
ಲೆಕ್ಕ ನೋಡುವವನಂತೆ ಆ ಹೊಟ್ಟೆ ಸವರುತ್ತೇನೆ.
"ತಂಗಿಗೂ ಒಂದು ಬೇಕಂತೆ" ಎಂದರು ನಿನ್ನೆ,
"ಮೀನು ಬೇಡ ಮಾರಾಯ,
ಬೆಳಗಾದರೆ ಅದೇ ಮುಖ ನೋಡುವುದು.
ಹೂ ಹಾಕು."