ಏಳನೆಯ ಡಬ್ಬಿ

ಹಂಗೇರಿಯ ಸೊಲ್ನೊಕ್. ನವೆಂಬರ್. ಶಾಲೆಯ ಜಿಮ್ ಕೋಣೆಯಲ್ಲಿ
ಹಳೆಯ ಬೆವರಿನ ವಾಸನೆ,
ನೆಲದ ಮೇಲೆ ಹತ್ತು ತಗಡಿನ ಬಿಸ್ಕತ್ತು ಡಬ್ಬಿ.
ಒಂದರೊಳಗೆ ಹತ್ತಿಯಲ್ಲಿ ಸುತ್ತಿದ ಉಂಗುರ,
ಎಟೆಲ್ಕಾಳದ್ದು. ಅವಳು ತೀರಿಕೊಂಡು ಆರು ವರ್ಷ.

ಅವಳ ಗಂಡ ವೆಂಡೆಲ್ ಟೋಪಿ ತೆಗೆದು ಒಳಗೆ ಬಂದ,
ಚರ್ಚಿಗೆ ಬಂದವನ ಹಾಗೆ.
ಮೂವತ್ತೆಂಟು ವರ್ಷ ರೈಲ್ವೆ ಸಿಗ್ನಲ್ಲಿನ ಸನ್ನೆಗೋಲೆಳೆದ ಕೈ,
ಆ ಕೈಯಲ್ಲೊಂದು ಕವಲುಕಡ್ಡಿ.
"ಚಿನ್ನ ಎಲ್ಲಿದ್ದರೂ ಇದು ಬಾಗುತ್ತೆ. ನಾನು ಬಗ್ಗಿಸೋದಲ್ಲ."
ಸುಳ್ಳಾಡುವ ಮುಖವಲ್ಲ ಅದು.
ಸುಳ್ಳುಗಾರನಾಗಿದ್ದರೆ ನನ್ನ ಕೆಲಸ ಸಲೀಸಿತ್ತು.

ಮೊದಲು ಮುಚ್ಚಳ ತೆರೆದೇ ಇಟ್ಟು ನೋಡಿದೆವು.
ಹತ್ತಕ್ಕೆ ಹತ್ತು. ಪ್ರತಿ ಸಲವೂ ಕಡ್ಡಿ
ಬಾಯಾರಿದ ದನದ ಹಾಗೆ ತಲೆ ತಗ್ಗಿಸಿತು.
ಇಬೊಯಾ ಚಪ್ಪಾಳೆ ತಟ್ಟಿದಳು.

ಆಮೇಲೆ ಮುಚ್ಚಳ ಹಾಕಿದೆವು.
ನಾವು ಪಡಸಾಲೆಯಲ್ಲಿ ಕಾಯುವಾಗ ಇಬೊಯಾ
ಅವನದೇ ಟೋಪಿಯಿಂದ ಚೀಟಿ ಎತ್ತುವಳು, ಉಂಗುರ ಇಡುವಳು,
ಹಿಂಬಾಗಿಲಿನಿಂದ ಹೊರಟುಹೋಗುವಳು.
ಗೊತ್ತಿದ್ದವರು ಒಳಗಿರಬಾರದು:
ಬಾಯಿಗೆ ಬೀಗ ಹಾಕಬಹುದು, ರೆಪ್ಪೆಗೆ ಹಾಕಲಾಗದು.
ಹಾಗೆ, ಏನೂ ಗೊತ್ತಿಲ್ಲದ ನಾವಿಬ್ಬರು
ಇಪ್ಪತ್ತು ಸಲ ಹತ್ತು ಡಬ್ಬಿಗಳ ಮುಂದೆ ನಿಂತೆವು.
ಈ ಊರಲ್ಲಿ ಅಷ್ಟು ಸಮಸಮ ನಾನು
ಇನ್ನಾರ ಜೊತೆಗೂ ನಿಂತದ್ದಿಲ್ಲ.

ಇಪ್ಪತ್ತರಲ್ಲಿ ಎರಡು.
ಕಣ್ಣು ಕಟ್ಟಿದ ಕೋಳಿಯೂ ಅಷ್ಟು ಹೆಕ್ಕುತ್ತಿತ್ತು.
ಹಾಗಂತ ನಾನು ಹೇಳಲಿಲ್ಲ.

"ಕೊನೆಯದು ಎಲ್ಲಿತ್ತು?"
ಏಳರಲ್ಲಿ.
"ಏಳರಲ್ಲಾ!" ಚಹಾದ ಲೋಟ ಕೆಳಗಿಟ್ಟು
ಏಳನೆಯ ಡಬ್ಬಿಯ ಮೇಲೆ ಕಡ್ಡಿ ಹಿಡಿದ.
ಬಾಗಿತು. ದಿನವಿಡೀ ಬಾಗದಷ್ಟು ಬಾಗಿ
ತಗಡಿಗೆ ತಾಗಿ ಟಣ್ ಎಂದಿತು.
"ನೋಡಿ. ಕಣ್ಣಾರೆ ನೋಡಿ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಂತೆ.
ಪ್ರಮಾಣ ನನ್ನ ಜೇಬಿನಲ್ಲಿತ್ತು:
ಅವನು ಚಹಾ ಕುಡಿಯುವಾಗ, ಹಿಂತಿರುಗಿಸೋಣವೆಂದು
ಉಂಗುರ ತೆಗೆದಿಟ್ಟುಕೊಂಡಿದ್ದೆ.

ಸುಮ್ಮನಿರಬಹುದಿತ್ತು.
ಒಂದು ಗಳಿಗೆ ನನ್ನನ್ನೇ ಡಬ್ಬಿಗಳ ಸಾಲಿನಲ್ಲಿಟ್ಟು ಕೇಳಿಕೊಂಡೆ,
ಇದು ನಿಜದ ಹಸಿವೋ, ಗೆದ್ದ ಸೊಕ್ಕೋ?
ಉತ್ತರ ಅರ್ಧರ್ಧ ಬಂತು.
ಅಂಗೈ ಬಿಚ್ಚಿದೆ.

ಅವನು ಉಂಗುರ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.
ತನ್ನ ಎರಡು ಮಣಿಕಟ್ಟುಗಳನ್ನು ನೋಡಿದ, ತುಂಬಾ ಹೊತ್ತು,
ಮನೆಯೊಳಗೇ ಇದ್ದ ಕಳ್ಳರನ್ನು ನೋಡುವ ಹಾಗೆ.

ಆಮೇಲೆ, "ಪುಸ್ತಕ ಕೊಡಿ.
ರೈಲು ಬಂತೆಂದು ಕಿವಿ ಹೇಳುತ್ತೆ, ಅಂಗಾಲು ಹೇಳುತ್ತೆ.
ಗಂಟೆ ಬಾರಿಸದೆ ನಾವು ಬರೆಯೋದಿಲ್ಲ."
ಬರೆದ: ನಾಲ್ಕು ಹತ್ತು. ಇಪ್ಪತ್ತಕ್ಕೆ ಎರಡು.
ಇನ್ನೊಂದು ಸಾಲು, ನಾನು ಕೇಳದೇ ಇದ್ದದ್ದು:
ಏಳರಲ್ಲಿ ಏನೂ ಇರಲಿಲ್ಲ, ಆದರೂ ಬಾಗಿತು.
ಸಹಿ ಹಾಕಿ, ಉಂಗುರವನ್ನು ಕಿರುಬೆರಳಿಗೆ ತೊಟ್ಟ.
ಎರಡನೆಯ ಗಿಣ್ಣಿಗೆ ನಿಂತಿತು.
ಕಡ್ಡಿಯನ್ನೂ ಒಯ್ದ.

ತಿಸಾ ನದಿಯ ಸೇತುವೆ ಮೇಲೆ ನನ್ನ ಫೋನು ಹೊಡೆದುಕೊಂಡಿತು. ಅಕ್ಕ.
ಈಗಷ್ಟೇ ನಿನ್ನ ನೆನೆಸಿಕೊಂಡೆ ಕಣೇ, ಎನ್ನಲು ಹೋಗಿ
ತಡೆದೆ.
ನೆನೆದೂ ಹೊಡೆದುಕೊಳ್ಳದ ದಿನಗಳೆಷ್ಟೋ,
ಯಾವ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ?
"ಏನೋ ಹೇಳೋಕೆ ಹೊರಟೆಯಲ್ಲ," ಅಂದಳು.
ಏನಿಲ್ಲ, ಅಂದೆ. ಚಳಿ.