ಎರಡು ಬೆರಳು

ಬೆಟ್ಟ ಇಳಿಯುವ ಮುಂಚೆ ಬುಟ್ಟಿಗೆ ಹೇಳಬೇಕು:
ಏಳಪ್ಪ, ಅಕ್ಕನ ಮನೆಗೆ ಹೊತ್ತಾಯಿತು.
ನಾವು ರಗ್ಲಾಯಿಗಳು, ಕಾಡಿನವರು, ತಂಗಿಯ ಪಾಲು.
ಕೆಳಗೆ ಗದ್ದೆಬಯಲಿನ ಚಾಮರು ಅಕ್ಕಂದಿರು.
ನಮ್ಮಲ್ಲಿ ಮನೆ, ಮಡಕೆ, ದೇವರು ಎಲ್ಲ ಕಿರಿಮಗಳಿಗೇ.
ಹಾಗಾಗಿ ಗೋಪುರ ಅವರ ಹತ್ತಿರ,
ಒಳಗಿನವನ ಬಟ್ಟೆ ನಮ್ಮ ಹತ್ತಿರ.

ಯಾವಾಗಿನಿಂದ? ಎಂದು ಕೇಳಿದ
ಹನೋಯಿಯಿಂದ ಬಂದ ಹುಡುಗ, ತೊಡೆಯ ಮೇಲೆ ನೋಟುಬುಕ್ಕು.
ಇಸವಿ ನನಗೆ ಗೊತ್ತಿಲ್ಲ.
ಬಡಗಣ ಸೈನ್ಯ ಬಂದ ರಾತ್ರಿ
ಅರಸ ಎತ್ತ ಹೋದನೋ, ಅವನ ದರ್ಜಿ ಮಾತ್ರ
ಈ ಬುಟ್ಟಿ ಹೊತ್ತು ನಮ್ಮ ಹಟ್ಟಿಗೆ ಬಂದನಂತೆ,
ಕಾಲ ತುಂಬ ಜಿಗಣೆ, ತುಟಿಯಲ್ಲಿ ನಾಲ್ಕು ಸೂಜಿ.
ಅದಕ್ಕೇ ಏನು ಕೇಳಿದರೂ ಮಾತಿಲ್ಲ.
ಅಜ್ಜಿ ಇಷ್ಟು ಹೇಳಿ ನಗುತ್ತಿದ್ದಳು.

ಗೋಪುರದ ಇಟ್ಟಿಗೆಗಳ ನಡುವೆ ಗಾರೆಯಿಲ್ಲ.
ಮರದ ಅಂಟು ಎನ್ನುತ್ತಾರೆ ಕೆಲವರು,
ಇಟ್ಟಿಗೆಗೆ ಇಟ್ಟಿಗೆ ತೇಯ್ದು ಕೂಡಿಸಿದ್ದು ಅಂತ ಇನ್ನು ಕೆಲವರು.
ಈಚೆಗೆ ಸಿಮೆಂಟು ಮೆತ್ತಿದ ಕಡೆಯೆಲ್ಲ
ಉಪ್ಪು ಉಕ್ಕಿ ಪಾಚಿ ಕಟ್ಟಿದೆ.
ಹಳೆಯದು ಕೆಂಪಗೆ, ಒಣಗಿ, ಸುಮ್ಮನಿದೆ.

ಒಳಗೆ ಕೂತವನು ಶಿವನಂತೆ.
ಬಾಗಿಲುವಾಡದ ಬರಹ ಹುಡುಗ ಓದಿ ಹೇಳಿದ.
ನಮಗೆ ಅವನು ಪೋ, ಒಡೆಯ.
ಆರು ಕೈ. ಮೀಸೆ. ಹೊರಗೆ ಕಲ್ಲಿನ ಬಸವ,
ಉಳುವವರು ಅದರ ಬಾಯಿಗೆ ಹುಲ್ಲು ಹಿಡಿದು ಹೋಗುತ್ತಾರೆ.

ಮೀಸೆಯಿತ್ತು ಅನ್ನಬೇಕು.
ಅಜ್ಜಿ ಹುಡುಗಿಯಾಗಿದ್ದಾಗ ಫ್ರೆಂಚಿನವನೊಬ್ಬ
ಟೇಪು ಹಿಡಿದು ಎಲ್ಲ ಅಳೆದು, ಬಹಳ ಮರ್ಯಾದೆಯಿಂದ
ತಲೆಯನ್ನು ಒಣಹುಲ್ಲಲ್ಲಿ ಸುತ್ತಿ ಒಯ್ದ.
ರಸೀದಿ ಕೊಟ್ಟ. ಅದನ್ನು ಗೆದ್ದಲು ತಿಂದಿತು.

ಆಮೇಲೆ ವಿಮಾನಗಳು.
ಅಮ್ಮ ಏಳು ಮಳೆಗಾಲ ಬುಟ್ಟಿಯನ್ನು ಗವಿಯಲ್ಲಿಟ್ಟಳು,
ಅದರ ಪಕ್ಕದಲ್ಲೇ ನನ್ನನ್ನು ಹೆತ್ತಳು.
ಬೆಂಕಿ ಹಾಕುವಂತಿರಲಿಲ್ಲ, ಹೊಗೆ ಕಂಡರೆ ಬಾಂಬು.
ಕೂಸನ್ನು ಸುತ್ತಲು ಚಿಂದಿಯೂ ಇಲ್ಲ.
ದೇವರ ಬಟ್ಟೆ ಮುಟ್ಟಲಿಲ್ಲ ಎಂದು ಎಲ್ಲರಿಗೂ ಹೇಳಿದಳು.
ಸಾಯುವ ಮುಂಚೆ ನನಗೊಬ್ಬಳಿಗೆ ಬೇರೆ ಹೇಳಿದಳು.

ಈ ವರ್ಷ ಹೊಸ ತಲೆ.
ಅಕ್ಕನ ಊರಿನ ಬಾ ವಾನ್ ತ್ರೂಕ್ ಸಿಮೆಂಟಲ್ಲಿ ಮಾಡಿದ್ದು,
ಒಳ್ಳೆ ಕೈ. ಕಣ್ಣು ಅವನ ಮಾವನದು.
ಕೊರಳು ಮಾತ್ರ ಎರಡು ಬೆರಳು ದಪ್ಪ.
ಮೀಯಿಸಿ, ಒರೆಸಿ, ಅಂಗಿ ತೊಡಿಸಿದರೆ
ಕೊರಳಪಟ್ಟಿ ಬಾಯಿ ಬಿಟ್ಟುಕೊಂಡು ನಿಂತಿತು.
ಪೂಜಾರಿ ಬೆವರಿದ.
ಆಮೆಚಿಪ್ಪಿನ ಪಿಟೀಲಿನವನು ಮುಂದೆ ಹೋಗಲಾರದೆ
ಅದೇ ಸಾಲನ್ನು ಎಳೆದೇ ಎಳೆದ.
ಕತ್ತರಿ ತನ್ನಿ, ಅಂದರು ಯಾರೋ.

ಕತ್ತರಿ ಯಾಕೆ.
ಹಲ್ಲಲ್ಲಿ ನೂಲು ಕಚ್ಚಿ ಹೊಲಿಗೆ ಬಿಚ್ಚಿದೆ.
ಒಳಗೆ ಮಡಚಿಟ್ಟಿದ್ದ ಬಟ್ಟೆ ಹೊರಗೆ ಬಂತು,
ಬಿಸಿಲನ್ನೇ ಕಾಣದ ಬಣ್ಣ, ಎಂಥ ಅರಿಸಿನ!
ಎರಡು ಬೆರಳು ಹೆಚ್ಚಿಗೆ ಬಿಟ್ಟಿದ್ದ
ಬಾಯಿ ತೆರೆಯದ ಆ ಪುಣ್ಯಾತ್ಮ.

ಹುಡುಗ ಬರೆದುಕೊಂಡ. ಏನು ಬರೆದನೋ.
ಹಳೆ ಸೂಜಿಯ ತೂತುಗಳನ್ನು ಉಜ್ಜಿ ಮುಚ್ಚಲಿಲ್ಲ ನಾನು.
ಅಳತೆ ಅಲ್ಲೇ ಇರಲಿ.
ಯಾವತ್ತಾದರೂ ತಲೆ ಮನೆಗೆ ಬಂದರೆ
ಮತ್ತೆ ಒಳಕ್ಕೆ ಮಡಚಬಹುದು.